ಗೋಡೆಯ ಮೇಲಿನ ಎರಡು

“ಅಮ್ಮಾ, ಮೇಲ್ಮನೆ ದೊಡ್ಡಮ್ಮ ಗೋಡೆ ಮೇಲೆ ಬರೀ ಎರಡು ಅಂತ ಯಾಕೆ ಬರೆದಿಟ್ಟಿದ್ದಾರೆ? ಒಂದೂ ಇಲ್ಲ, ಮೂರೂ ಇಲ್ಲ.”

ಆರು ವರ್ಷದ ಮಗಳು ಇದನ್ನು ಕೇಳಿದ್ದು ಸೋಮವಾರ ಸಂಜೆ, ಹೊಸ್ತಿಲ ಮೇಲೆ ಕೂತು ಶಾಲೆಯ ಬೂಟು ಬಿಚ್ಚುತ್ತಾ. ತಾಯಿ ಆಗಷ್ಟೇ ಕನ್ನಡಕದಂಗಡಿಯಿಂದ ಬಂದಿದ್ದಳು. ದಿನವಿಡೀ ಗಾಜು ಉಜ್ಜುವ ಕೆಲಸ. ಉಗುರಿನ ಸಂದಿಯಲ್ಲಿ ಕೂತ ಬಿಳಿಯ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಮಗಳು ದಿನಕ್ಕೆ ನಲವತ್ತು ಪ್ರಶ್ನೆ ಕೇಳುತ್ತಾಳೆ. ಮೂವತ್ತೊಂಬತ್ತಕ್ಕೆ “ಅದು ಹಾಗೇನೇ” ಎಂದರೆ ನಡೆಯುತ್ತದೆ.

“ಯಾವುದೋ ಫೋನ್ ನಂಬರಿನ ತುಂಡು ಇರಬೇಕು ಬಿಡು.”

“ಅಲ್ಲ. ದೊಡ್ಡದು. ಕ್ಯಾಲೆಂಡರಿನ ಹಿಂದುಗಡೆ ಕಪ್ಪು ಬಣ್ಣದಲ್ಲಿ. ಪಕ್ಕದಲ್ಲಿ ನಾನು ಮೂರು ಬರೀತೀನಿ ಅಂದೆ, ಬೇಡ ಅಂದ್ರು. ಆಮೇಲೆ ಕಿಟಕಿ ಕಡೆ ತಿರುಗಿ ನಿಂತ್ಕೊಂಡ್ರು. ಬಿಸ್ಕತ್ತು ಕೊಡೋದೇ ಮರೆತ್ರು.”

ತಾಯಿಗೆ ನಾಟಿದ್ದು ಎರಡಲ್ಲ, ಬಿಸ್ಕತ್ತು. ದೊಡ್ಡಮ್ಮ ಯಾವುದನ್ನೂ ಮರೆಯುವ ಹೆಂಗಸಲ್ಲ. ಮಗುವಿಗೆ ಎರಡು ಬಿಸ್ಕತ್ತು, ಒಂದು ಲೋಟ ಹಾಲು, ಆಮೇಲೆ ಕೈ ಒರೆಸಲು ಒದ್ದೆ ಬಟ್ಟೆ. ಐದು ವಾರದಿಂದ ಈ ಸಾಲು ಒಂದು ದಿನವೂ ಹಿಂದುಮುಂದಾಗಿರಲಿಲ್ಲ.

ಮೆಟ್ಟಿಲು ಗುಡಿಸುವವನಿಂದ ಹಿಡಿದು ಆ ಕಟ್ಟಡದಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮನೇ. ಐವತ್ತೆಂಟು ವಯಸ್ಸು. ಒಂಟಿ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, “ನೋಡೋಕೆ ಬಂದವರ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿದೆ ಅಂತ ಹುಡುಕ್ತಾ ಕೂತೆ, ಅಷ್ಟರಲ್ಲಿ ಅವರು ಎದ್ದು ಹೋದ್ರು” ಎನ್ನುತ್ತಿದ್ದರು. ಯಂತ್ರಗಳಿಗೆ ನಿಯಂತ್ರಣ ಪೆಟ್ಟಿಗೆ ಮಾಡುವ ಕಂಪನಿಯೊಂದರಲ್ಲಿ ಮೂವತ್ನಾಲ್ಕು ವರ್ಷದ ಕೆಲಸ. ಜ್ವರ ಬಂದರೂ ರಜೆ ಹಾಕದವರು ಐದು ವಾರದ ಹಿಂದೆ ಏಕಾಏಕಿ ಮನೆಯಲ್ಲಿ ಉಳಿದರು. “ರಜೆ” ಎಂದರು, ಅಷ್ಟೆ. “ನಿನ್ನ ಮಗಳನ್ನ ಶಾಲೆಯಿಂದ ನಾನೇ ಕರ್ಕೊಂಡು ಬರ್ತೀನಿ, ನನಗೂ ಹೊತ್ತು ಹೋಗ್ಬೇಕಲ್ಲ” ಎಂದರು. ಕೆಳಮನೆಯ ತಾಯಿಗೆ ಉಸಿರು ಬಂದ ಹಾಗಾಗಿತ್ತು, ಹೆಚ್ಚು ಕೇಳಲಿಲ್ಲ. ಕೊಡುವ ಕೈಯನ್ನು ಯಾಕೆ ಎಂದು ಯಾರು ಕೇಳುತ್ತಾರೆ?

ಆದರೆ ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆರು ವಾರದ ಹಿಂದೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಬಟ್ಟೆಗೆ ಆವಿ ಕೊಡುವ ಡ್ರಮ್ಮಿನ ಬಾಗಿಲು ಒಳಗಿನ ಒತ್ತಡ ಇಳಿಯುವ ಮೊದಲೇ ತೆರೆದುಕೊಂಡು, ಅಲ್ಲಿ ಕೆಲಸಕ್ಕಿದ್ದ ಹೆಂಗಸಿನ ಮುಖ, ಎದೆ, ಎರಡೂ ಕೈ ಬೆಂದುಹೋಗಿದ್ದವು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು: ಗಂಟೆ ಬಾರಿಸುವವರೆಗೆ ಕಾಯದೆ ಬಾಗಿಲು ತೆರೆದದ್ದೇ ಕಾರಣವೆಂದು ತಿಳಿದುಬಂದಿದೆ. ಡ್ರಮ್ಮಿನ ಪೆಟ್ಟಿಗೆ ದೊಡ್ಡಮ್ಮನ ಕಂಪನಿಯದು. ಬರುವ ಬುಧವಾರ ವಿಚಾರಣೆ. ದೊಡ್ಡಮ್ಮ ಅಲ್ಲಿ ಮಾತಾಡಬೇಕು. ಇಷ್ಟು ಕಟ್ಟಡಕ್ಕೆಲ್ಲ ಗೊತ್ತು. ಉಳಿದದ್ದು ಅವಳಿಗೆ ತಿಳಿದದ್ದು ಆ ಸಂಜೆ.

ಅವಳು ಬಟ್ಟೆ ಬದಲಿಸಿ, ಮಧ್ಯಾಹ್ನದ್ದೇ ಸ್ವಲ್ಪ ಊಟ ಬಿಸಿ ಮಾಡಿ ಡಬ್ಬಿಗೆ ಹಾಕಿ, ಮಗಳ ಕೈ ಹಿಡಿದು ಮೇಲೆ ಹೋದಳು.

ದೊಡ್ಡಮ್ಮನ ಮನೆ ಎಂದರೆ ಒಂದೂವರೆ ಕೋಣೆ. ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ಅವರ ತಂದೆಯ ಅರದ ಪೆಟ್ಟಿಗೆ. ತಂದೆ ಬೀಗ ರಿಪೇರಿ ಮಾಡುತ್ತಿದ್ದವರು; ಬಸ್ ನಿಲ್ದಾಣದ ಹೊರಗೆ ಒಂದು ಆಳು ಕೂರುವಷ್ಟೇ ಜಾಗದ ಗೂಡಂಗಡಿ. ಹುಡುಗಿಯಾಗಿದ್ದಾಗ ದೊಡ್ಡಮ್ಮ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಪಾಠ ಓದಿದ್ದು. ಹೊಂದದ ಕೀಲಿಗೆ ಎಣ್ಣೆ ಹಾಕಿ ತಿರುಗಿಸಬೇಡ ಎಂಬುದೊಂದೇ ಅಪ್ಪ ಕೊಟ್ಟ ಆಸ್ತಿ ಎಂದು ಅವರು ಆಗಾಗ ಹೇಳುವುದಿತ್ತು. ತಿರುಗಿದರೂ ತಪ್ಪು, ಮುರಿದರೂ ತಪ್ಪು.

ಮಗಳು ಹೇಳಿದ್ದು ನಿಜ. ಮಂಚದ ಎದುರಿನ ಗೋಡೆಯಲ್ಲಿ, ಹಿಂದುಮುಂದಾಗಿ ಅಂಟಿಸಿದ ಕ್ಯಾಲೆಂಡರಿನ ಹಾಳೆಯಲ್ಲಿ, ಒಂದು ಮೊಳ ಎತ್ತರದ ಎರಡು. ಮಲಗಿದರೆ, ಕೂತರೆ, ಎದ್ದರೆ ಕಾಣುವ ಜಾಗ.

“ಬಂದ್ಯಾ, ಒಳ್ಳೇದಾಯ್ತು,” ಎಂದರು ದೊಡ್ಡಮ್ಮ. ಕೂದಲು ಬಾಚಿರಲಿಲ್ಲ. “ಡಬ್ಬಿ ಅಲ್ಲಿಡು. ಇಪ್ಪತ್ತು ನಿಮಿಷ ನನ್ನ ಮಾತು ಕೇಳ್ಬೇಕು ನೀನು. ಬುಧವಾರ ಹೇಳ್ಬೇಕಾಗಿರೋದು. ಅಲ್ಲಿ ಕೂರೋ ಐದು ಜನಕ್ಕೂ ಈ ಕಸುಬು ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ನಿನಗೆ ತಿಳಿದ್ರೆ ಅವರಿಗೂ ತಿಳಿದ ಹಾಗೆ.”

“ಅಂದ್ರೆ ನಾನು ದಡ್ಡಿ ಅಂತ.”

“ಐದು ಜನ ಸೇರಿದ್ರೆ ಆಗೋವಷ್ಟು ಅಲ್ಲ.”

ಹಾಗೆಂದು ಹೇಳಿ, ಗಂಟಲು ಸರಿಮಾಡಿಕೊಂಡು, ಶುರು ಮಾಡಿದರು. ಒಳ್ಳೆಯ ಮಾತುಗಾರ್ತಿ. ಎಲ್ಲಿಯೂ ತಡವರಿಸಲಿಲ್ಲ. ಮನುಷ್ಯ ಬರೆದ ಸಾಲನ್ನು ಪ್ರೋಗ್ರಾಂ ಹೇಗೆ ಪದಗಳಾಗಿ ಒಡೆಯುತ್ತದೆ, ಪದಗಳನ್ನು ಹೇಗೆ ಮರದ ಕೊಂಬೆಗಳ ಹಾಗೆ ಜೋಡಿಸುತ್ತದೆ, ಜೋಡಿಸುವ ಆ ಪಾರ್ಸರಿಗೆ ವ್ಯಾಕರಣ ಬರೆದುಕೊಡುವುದು ಎಂದರೇನು, ಮುಂದಿನ ಒಂದೇ ಪದವನ್ನು ಇಣುಕಿ ನೋಡಿ ಅದು ಹೇಗೆ ತೀರ್ಮಾನ ಮಾಡಬೇಕಾಗುತ್ತದೆ, ಎರಡು ದಾರಿ ಕಂಡಾಗ ಪ್ರಪಂಚದ ಎಲ್ಲ ಕಡೆ ಯಾವ ದಾರಿ ಹಿಡಿಯುವುದು ವಾಡಿಕೆ, ಹೊಸ ವಾಕ್ಯರಚನೆ ಸೇರಿಸುವಾಗ ಏನೇನು ಪರೀಕ್ಷೆ ಮಾಡಲಾಯಿತು, ಎಷ್ಟು ಪರೀಕ್ಷೆ ಪಾಸಾದವು. ಮಗಳು ಮೊದಲು ಮೇಜಿನ ಕೆಳಗೆ ಹೋದಳು, ಆಮೇಲೆ ಮಂಚದ ಮೇಲೆ, ಆಮೇಲೆ ಅರದ ಪೆಟ್ಟಿಗೆಯ ಕೀಲಿಗಳನ್ನು ಗಾತ್ರದ ಪ್ರಕಾರ ಸಾಲಾಗಿ ಇಡತೊಡಗಿದಳು. ತಾಯಿ ತಲೆಯಾಡಿಸುತ್ತಲೇ ಇದ್ದಳು. ಮುಗಿದಾಗ ಕತ್ತು ನೋಯುತ್ತಿತ್ತು.

“ಏನು ತಿಳೀತು?”

ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ನಿಜ ಹೇಳ್ಲಾ ದೊಡ್ಡಮ್ಮ? ಒಂದೂ ತಿಳೀಲಿಲ್ಲ. ಆದ್ರೆ ನಿಮ್ಮದೇನೂ ತಪ್ಪಿಲ್ಲ ಅಂತ ಮಾತ್ರ ಅನ್ನಿಸ್ತು.”

ಸಮಾಧಾನಕ್ಕೆ ಹೇಳಿದ ಮಾತು. ಅದನ್ನು ಕೇಳಿ ದೊಡ್ಡಮ್ಮನ ಮುಖ ಕರೆಂಟು ಹೋದ ಮನೆಯ ಹಾಗಾಯಿತು. ಕುರ್ಚಿಯಲ್ಲಿ ಕುಸಿದು ಕೂತರು.

“ಅದೇ ನೋಡು. ಒಂದು ಸುಳ್ಳೂ ಹೇಳ್ಲಿಲ್ಲ ನಾನು. ಹೇಳಿದ್ನಾ? ಇಲ್ಲ.”

ಅಷ್ಟರಲ್ಲಿ ಮಗಳು ತನ್ನ ಪ್ರಶ್ನೆಯನ್ನು ಮತ್ತೆ ತೂರಿದಳು. “ದೊಡ್ಡಮ್ಮ, ಎರಡು ಯಾಕೆ?”

ತಾಯಿ ಕಣ್ಣಲ್ಲೇ ಗದರಿಸಿದಳು. ದೊಡ್ಡಮ್ಮ ಮಾತ್ರ ಕುರ್ಚಿಯನ್ನು ಮಗುವಿನ ಕಡೆ ತಿರುಗಿಸಿಕೊಂಡರು. ಆಮೇಲೆ, “ಬಾ ಪುಟ್ಟಿ, ಹೇಳ್ತೀನಿ,” ಎಂದು ಹತ್ತಿರ ಕೂರಿಸಿಕೊಂಡರು.

“ನಾನೊಂದು ಮಾತು ಹೇಳ್ತೀನಿ, ಏನು ಮಾಡ್ಬೇಕು ಹೇಳು. ಕಿಟಕಿ ತೆಗಿ, ಫ್ಯಾನ್ ಹಾಕು, ಮಳೆ ಬರ್ತಿದ್ರೆ ಬೇಡ. ಈಗ ಮಳೆ ಬರ್ತಿದೆ ಅಂದ್ಕೋ.”

“ಕಿಟಕಿ ತೆಗೀಬಾರ್ದು. ಫ್ಯಾನೂ ಹಾಕ್ಬಾರ್ದು.”

“ಸರಿ. ನನ್ನ ಹತ್ರ ಒಂದು ಪ್ರೋಗ್ರಾಂ ಇದೆ. ಅದಕ್ಕೆ ಇದೇ ಮಾತು ಹೇಳಿದೆ. ಅದು ಫ್ಯಾನ್ ಹಾಕ್ಲಿಲ್ಲ. ಆದ್ರೆ ಕಿಟಕಿ ತೆಗೀತು.”

“ಮಳೇಲಿ?”

“ಮಳೇಲಿ. ಬೇಡ ಅನ್ನೋ ಮಾತು ಫ್ಯಾನಿಗೆ ಮಾತ್ರ ಅಂದ್ಕೊಳ್ತು. ಹತ್ರ ಇದ್ದದ್ದು ಅದೇ ಅಲ್ವಾ.”

“ದಡ್ಡ ಪ್ರೋಗ್ರಾಂ.”

“ಅಲ್ಲ ಪುಟ್ಟಿ. ದಡ್ಡ ಅಲ್ಲ ಅದು.” ದೊಡ್ಡಮ್ಮನ ದನಿ ಇಳಿಯಿತು. “ಅದು ನನ್ನನ್ನ ಮೊದಲೇ ಕೇಳ್ತು. ಈ ಮಾತಿನಲ್ಲಿ ಎರಡು ದಾರಿ ಕಾಣ್ತಿದೆ, ಯಾವುದು ಅಂತ ಹೇಳು ಅಂತ ಕೇಳ್ತು. ನಾನು ಬಾಯ್ಮುಚ್ಚು ಅಂದೆ. ಆ ಬಾಯ್ಮುಚ್ಚು ಅನ್ನೋದೇ ಈ ಎರಡು.”

ಮಗಳು ಗೋಡೆ ನೋಡಿದಳು, ದೊಡ್ಡಮ್ಮನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಮೂವತ್ತೊಂಬತ್ತರಲ್ಲಿ ಸೇರದ ಉತ್ತರ ಇದು ಎಂದು ಅವಳಿಗೂ ತಿಳಿದಿರಬೇಕು. ಇನ್ನೊಂದು ಪ್ರಶ್ನೆ ಹಾಕದೆ ಕೀಲಿಗಳ ಹತ್ತಿರ ಹೋದಳು.

ಅದಾದ ಮೇಲೆ ದೊಡ್ಡಮ್ಮ ಮಾತಾಡಿದ್ದು ತಾಯಿಯ ಜೊತೆ. ಇಪ್ಪತ್ತು ನಿಮಿಷದ ಭಾಷಣದಲ್ಲಿ ಇಲ್ಲದ್ದೆಲ್ಲ ಈಗ ಬಂತು, ತುಂಡುತುಂಡಾಗಿ, ಡಬ್ಬಿಯ ಊಟ ಆರುತ್ತಿದ್ದ ಹಾಗೆ.

ಪೆಟ್ಟಿಗೆಗಳಿಗೆ ನಿಯಮ ಬರೆಯಲೆಂದು ಒಂದು ಪುಟ್ಟ ಭಾಷೆಯನ್ನು ಕಟ್ಟಿದವರು ಕಂಪನಿಯ ಹಿರಿಯ ಎಂಜಿನಿಯರೊಬ್ಬರು. ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್ಕುಗಳು ತಾವೇ ನಿಯಮ ಬರೆಯಲಿ ಎಂಬುದು ಅವರ ಆಸೆ. ಇಷ್ಟು ಬಿಸಿಯಾದರೆ ಕೊಳವೆ ಮುಚ್ಚು, ಅಷ್ಟು ಹೊತ್ತಾದರೆ ನೀರು ಬಿಡು, ಅಂಥವು. ದೊಡ್ಡಮ್ಮ ಸೇರಿದ್ದು ಆ ನಿಯಮಗಳನ್ನು ಟೈಪು ಮಾಡುವವರಾಗಿ. ಒಂದು ಅಲ್ಪವಿರಾಮ ಎಲ್ಲಿರಬೇಕೆಂದು ಹಿರಿಯರ ಜೊತೆಗೇ ಅರ್ಧ ದಿನ ವಾದ ಮಾಡಿದ ಮೇಲೆ, ಅವರು ವ್ಯಾಕರಣದ ಕಡತವನ್ನೇ ಇವರ ಕೈಗೆ ಕೊಟ್ಟರು. ಅಂದಿನಿಂದ ಆಫೀಸಿನಲ್ಲಿ ಇವರ ಹೆಸರು ಅಲ್ಪವಿರಾಮದ ಅಕ್ಕ.

ವ್ಯಾಕರಣದಲ್ಲಿ ಎರಡು ಅರ್ಥಕ್ಕೆ ಎಡೆಯಿರುವ ಜಾಗ ಕಂಡರೆ, ಪಾರ್ಸರನ್ನು ತಯಾರಿಸುವ ಪ್ರೋಗ್ರಾಂ ಕೂಗುತ್ತದೆ. ಆಫೀಸಿನಲ್ಲಿ ಅದಕ್ಕೆ ತಕರಾರು ಎಂದು ಹೆಸರು. ಹಳೆಯ ತಕರಾರೊಂದು ಮೊದಲಿನಿಂದಲೂ ಇತ್ತು. ಅದು ನಿರಪಾಯ ಎಂದು ನೂರು ಸಲ ಪರೀಕ್ಷೆ ಮಾಡಿ, ಹಿರಿಯರು ಕಡತದ ತಲೆಯ ಮೇಲೆ ಒಂದು ಸಾಲು ಬರೆದಿದ್ದರು: ಗೊತ್ತಿರುವ ತಕರಾರು, ಒಂದು. ಒಂದೇ ಇದ್ದರೆ ಸುಮ್ಮನಿರು, ಹೆಚ್ಚು ಕಂಡರೆ ಕೆಲಸ ನಿಲ್ಲಿಸಿ ಕೂಗು ಎಂದರ್ಥ. ಆ ಅಂಕಿಯನ್ನು ಮುಟ್ಟಬೇಕಾದರೆ ಒಂದು ಪದ್ಧತಿ. ಮುಟ್ಟುವವರು ಪಕ್ಕದಲ್ಲಿ ಕಾರಣ ಬರೆಯಬೇಕು. ಇನ್ನೊಬ್ಬರು ಕುರ್ಚಿ ಎಳೆದುಕೊಂಡು ಬಂದು ಆ ಕಾರಣವನ್ನು ಬಾಯಿಬಿಟ್ಟು ಓದಬೇಕು. ಓದುವಾಗ ಇಬ್ಬರಲ್ಲಿ ಯಾರಿಗಾದರೂ ನಗು ಬಂದರೆ ಕಾರಣ ಸಾಲದು.

“ಮೂವತ್ತು ವರ್ಷ ಆ ಒಂದು ಒಂದಾಗೇ ಇತ್ತು,” ಎಂದರು ದೊಡ್ಡಮ್ಮ. “ಹೊಸಬರು ಬಂದ್ರೆ ಮೊದಲು ಅದನ್ನೇ ತೋರಿಸ್ತಿದ್ದೆ. ಇದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ದೆ. ಈಗಿನ ಮ್ಯಾನೇಜರ್ ಇದಾನಲ್ಲ, ಅವನಿಗೂ ಹೇಳಿಕೊಟ್ಟದ್ದು ನಾನೇ.”

ಹಿರಿಯರು ನಿವೃತ್ತರಾದಾಗ ಆ ಕೋಣೆಯಲ್ಲಿ ಏಳು ಜನ. ಆಮೇಲೆ ನಾಲ್ಕು. ಆಮೇಲೆ ಇಬ್ಬರು. ಕಳೆದ ವರ್ಷದಿಂದ ದೊಡ್ಡಮ್ಮ ಒಬ್ಬರೇ. ಎದುರಿನ ಕುರ್ಚಿಯಲ್ಲಿ ಅವರ ಕೊಡೆ ಮತ್ತು ಊಟದ ಚೀಲ ಕೂರುತ್ತಿದ್ದವು.

ಮೆಕ್ಯಾನಿಕ್ಕುಗಳ ಗೊಣಗಾಟ ಹಳೆಯದು. ಒಂದೇ ಷರತ್ತನ್ನು ಪ್ರತಿ ಕೆಲಸಕ್ಕೂ ಬೇರೆ ಬೇರೆ ಬರೆಯಬೇಕಿತ್ತು. ಒತ್ತಡ ಇಲ್ಲದಿದ್ದರೆ ಬೀಗ ಬಿಡು. ಒತ್ತಡ ಇಲ್ಲದಿದ್ದರೆ ಗಂಟೆ ಬಾರಿಸು. ಒತ್ತಡ ಇಲ್ಲದಿದ್ದರೆ ದೀಪ ಹಚ್ಚು. “ನನ್ನ ಹೆಂಡತಿ ಕೂಡ ಒಂದೇ ಮಾತನ್ನ ನನಗೆ ಇಷ್ಟು ಸಲ ಹೇಳಲ್ಲ” ಎಂದು ಒಬ್ಬ ಬರೆದು ಕಳಿಸಿದ್ದ. ಕೊನೆಗೆ ಕಂಪನಿ ಒಪ್ಪಿತು: ಕೆಲಸಗಳನ್ನೆಲ್ಲ ಸಾಲಾಗಿ ಬರೆದು, ಕೊನೆಯಲ್ಲಿ ಒಂದೇ ಸಲ “ಇಂಥದ್ದು ಇದ್ದರೆ ಬೇಡ” ಎಂದರೆ ಸಾಕು. ಅದಕ್ಕೆ ಬೇಕಾದ ಹಾಗೆ ವ್ಯಾಕರಣವನ್ನು ಹಿಗ್ಗಿಸುವ ಕೆಲಸ ದೊಡ್ಡಮ್ಮನಿಗೆ. ಮೂರು ವಾರದ ಕೆಲಸ, ಒಂದೂವರೆ ವಾರದ ಗಡುವು.

ಗಡುವಿನ ಶುಕ್ರವಾರ ಮಧ್ಯಾಹ್ನ ನಾಲ್ಕೂವರೆಗೆ ಆ ಪ್ರೋಗ್ರಾಂ ಕೂಗಿತು. ತಕರಾರು ಎರಡು.

“ಎಲ್ಲಿ ಅಂತ ಗೊತ್ತಾಗ್ಲಿಲ್ವಾ?” ತಾಯಿ ಕೇಳಿದಳು.

“ಗೊತ್ತಾಗದೆ ಏನು. ‘ಬೇಡ’ ಅನ್ನೋದು ಕೊನೇ ಕೆಲಸಕ್ಕೋ, ಇಡೀ ಸಾಲಿಗೋ ಅಂತ ಅದಕ್ಕೆ ಗೊಂದಲ. ಬಿಡಿಸೋಕೆ ಎರಡು ದಿನ ಬೇಕಿತ್ತು, ಹೆಚ್ಚಂದ್ರೆ. ಒಂದೇ ಕೆಲಸ ಇರೋ ಸಾಲುಗಳನ್ನ ಪರೀಕ್ಷೆ ಮಾಡಿದೆ, ಎಲ್ಲ ಸರಿ ಬಂತು. ಮೂವತ್ತು ವರ್ಷದಿಂದ ಒಂದು ತಕರಾರು ಏನೂ ಮಾಡ್ಲಿಲ್ಲ, ಇದೂ ಅದರ ತಂಗಿ ಇರಬೇಕು ಅನ್ನಿಸ್ತು. ಕಡತದ ಮೇಲಿನ ಸಾಲಿಗೆ ಹೋದೆ. ಒಂದನ್ನ ಎರಡು ಮಾಡಿದೆ. ಕೂಗು ನಿಂತುಹೋಯ್ತು. ಎಷ್ಟು ಹಾಯಾಗಿತ್ತು ಗೊತ್ತಾ ಕೋಣೆ.”

“ಕಾರಣ?”

“ಬರೆದೆ. ಪದ್ಧತಿ ಅಲ್ವಾ. ‘ಸೋಮವಾರ ನೋಡುವುದು’ ಅಂತ ಬರೆದೆ.” ದೊಡ್ಡಮ್ಮ ನಗಲು ನೋಡಿದರು. “ಬಾಯಿಬಿಟ್ಟು ಓದೋಕೆ ಕೊಡೆ ಒಂದೇ ಇದ್ದದ್ದು.”

ಸೋಮವಾರ ಬಂತು. ಏನೂ ಆಗಲಿಲ್ಲ. ಯಾರಿಗೂ ಕಾಯಿಲೆಯಿಲ್ಲ, ಬೆಂಕಿ ಬೀಳಲಿಲ್ಲ, ಅವರಿಗೊಂದು ನೆಪವೂ ಸಿಗಲಿಲ್ಲ. ಬೇರೊಂದು ಕೆಲಸ ಮೇಜಿನ ಮೇಲಿತ್ತು, ಅದನ್ನು ಮಾಡಿದರು. ಹಾಗೆ ಹದಿನಾಲ್ಕು ಸೋಮವಾರ. ಅಷ್ಟರಲ್ಲಿ ದೊಡ್ಡಾಸ್ಪತ್ರೆಯವರು ಹೊಸ ಡ್ರಮ್ಮು ತರಿಸಿದ್ದರು. ಹಳೆಯದರಲ್ಲಿ ಒತ್ತಡವಿದ್ದಾಗ ಬಾಗಿಲನ್ನು ಹಿಡಿದಿಡುವ ಕಬ್ಬಿಣದ ಅಗುಳಿ ಬೇರೆ ಇರುತ್ತಿತ್ತು. ಹೊಸದರಲ್ಲಿ ಅದನ್ನು ತೆಗೆದು ಎಲ್ಲವನ್ನೂ ಪೆಟ್ಟಿಗೆಗೇ ಬಿಟ್ಟಿದ್ದರು. ಅಲ್ಲಿನ ಮೆಕ್ಯಾನಿಕ್ಕು ಹೊಸ ಪುಸ್ತಕ ನೋಡಿಕೊಂಡು ಹೊಸ ರೀತಿಯಲ್ಲಿ, ಖುಷಿಯಿಂದ, ಒಂದೇ ಸಾಲಿನಲ್ಲಿ ಬರೆದ: ಹೊತ್ತು ಮುಗಿದರೆ ಬೀಗ ಬಿಡು, ಗಂಟೆ ಬಾರಿಸು, ಒತ್ತಡ ಇದ್ದರೆ ಬೇಡ.

ಮಳೆ, ಕಿಟಕಿ, ಫ್ಯಾನು. ತಾಯಿಗೆ ಈಗ ಎಲ್ಲ ತಿಳಿಯಿತು. ಆವಿಯ ಕವಾಟ ಸಿಕ್ಕಿಹಾಕಿಕೊಂಡ ದಿನ ಒತ್ತಡ ಇಳಿಯಲಿಲ್ಲ. ಪೆಟ್ಟಿಗೆ ತನಗೆ ಹೇಳಿದಂತೆ ಗಂಟೆಯನ್ನು ತಡೆಯಿತು, ಬೀಗವನ್ನು ಬಿಟ್ಟಿತು.

ಒಂದು ಅಂಕಿ ತಾನೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವಳ ಅಂಗಡಿಯಲ್ಲೂ ಅಂಕಿಯೇ ಕೆಲಸ. ಚೀಟಿಯಲ್ಲಿ ಒಂದಕ್ಕೆ ಎರಡು ಎಂದು ಓದಿ ಕೊಟ್ಟ ಕನ್ನಡಕ ಹಾಕಿಕೊಂಡು ಒಬ್ಬ ಮುದುಕ ಅಂಗಡಿಯ ಮೆಟ್ಟಿಲಲ್ಲೇ ಬಿದ್ದಿದ್ದ. ಆವತ್ತು ಚೀಟಿ ಓದಿದ್ದು ಅವಳಲ್ಲ. ಆದರೂ ಮೂರು ದಿನ ತುತ್ತು ಇಳಿದಿರಲಿಲ್ಲ.

“ಗಂಟೆ ಆಗಿಲ್ದೆ ಆಕೆ ಯಾಕೆ ತೆಗೆದ್ರು?” ಎಂದು ಕೇಳಿದಳು. ಎಲ್ಲೋ ಒಂದು ಎಳೆ ಸಿಗಬಹುದು ಎಂಬ ಆಸೆಯಿಂದ.

“ಅಲ್ಲಿನ ಗಂಟೆ ತಿಂಗಳಿಗೆರಡು ಸಲ ಕೆಡ್ತಿತ್ತಂತೆ. ಯಾರು ಗಂಟೆ ನಂಬ್ತಾರೆ? ಎಲ್ಲರೂ ಹಿಡಿ ತಿರುಗಿಸಿ ನೋಡೋದು. ಹಿಡಿ ತಿರುಗಿದ್ರೆ ಒಳಗೆ ಆವಿ ಇಲ್ಲ ಅಂತ. ಹಳೇ ಡ್ರಮ್ಮಿನ ಕಾಲದಿಂದ, ಇಪ್ಪತ್ತು ವರ್ಷದಿಂದ ಹಾಗೇನೇ, ಒಂದು ಸಲವೂ ಹಿಡಿ ಸುಳ್ಳು ಹೇಳಿರಲಿಲ್ಲ. ಕಾಗದದ ಮೇಲೆ ನಿಯಮ ಏನು? ಗಂಟೆಗೆ ಕಾಯಬೇಕು. ಆಕೆ ಕಾಯಲಿಲ್ಲ. ಮುಗೀತಲ್ಲ.”

ದೊಡ್ಡಮ್ಮ ಎದ್ದು ಡಬ್ಬಿಯ ಮುಚ್ಚಳ ತೆಗೆದು, ನೋಡಿ, ಮತ್ತೆ ಮುಚ್ಚಿದರು.

“ಶನಿವಾರ ಹೋಗಿದ್ದೆ, ನೋಡೋಕೆ.”

ತಾಯಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

“ಕಂಪನಿಯಿಂದ ಬಂದವಳು ಅಂದೆ. ಹಾಸಿಗೆ ಪಕ್ಕ ಆಕೆ ತಂಗಿ ಕೂತಿದ್ಲು. ಎರಡೂ ಕೈಗೆ ಬ್ಯಾಂಡೇಜು, ದಿಂಬಿನ ಹಾಗೆ. ಬೆರಳು ಎಷ್ಟು ಉಳಿದಿದೆ ಅಂತ ಅದನ್ನ ಬಿಚ್ಚಿದ ಮೇಲೆ ಗೊತ್ತಾಗೋದಂತೆ. ಒಂದು ಕಣ್ಣು ಹೋಗಿದೆ. ಇನ್ನೊಂದರಲ್ಲಿ ನನ್ನ ನೋಡಿ, ಏಳೋಕೆ ಹೋದ್ಲು. ನನಗೆ ಮರ್ಯಾದೆ ಕೊಡೋಕೆ ಕಣೇ. ಬೇಡ ಮಲಕ್ಕೊಳ್ಳಿ ಅಂದೆ. ಆಮೇಲೆ ಆಕೆಯೇ ಹೇಳಿದ್ಲು. ತಪ್ಪು ನನ್ನದೇ ಅಮ್ಮ, ಗಂಟೆ ಆಗಿರಲಿಲ್ಲ, ನಂದೇ ಆತುರ, ನಿಮ್ಮ ಯಂತ್ರಕ್ಕೆ ಕೆಟ್ಟ ಹೆಸರು ಬಂತು, ಕ್ಷಮಿಸಿ ಅಂತ.”

ಮಗಳ ಕೈಯಿಂದ ಒಂದು ಕೀಲಿ ನೆಲಕ್ಕೆ ಬಿತ್ತು. ಅವಳು ಅದನ್ನು ಮೆಲ್ಲಗೆ ಎತ್ತಿ ಇಟ್ಟಳು.

“ನೀವೇನಂದ್ರಿ?”

“ಇರಲಿ ಬಿಡಿ ಅಂದೆ.” ದೊಡ್ಡಮ್ಮ ಗೋಡೆಯನ್ನು ನೋಡುತ್ತಿದ್ದರು. “ಆಕೆ ನನ್ನ ಹತ್ರ ಕ್ಷಮೆ ಕೇಳಿದ್ಲು, ನಾನು ಇರಲಿ ಬಿಡಿ ಅಂದೆ. ದೊಡ್ಡ ಮನಸ್ಸು ಮಾಡಿ ಬಿಟ್ಟೆ. ಎರಡು ಕಿತ್ತಳೆ ಇಟ್ಟು ಬಂದೆ. ಸುಲಿಯೋಕೆ ಕೈಯಿಲ್ಲದವಳ ಮುಂದೆ. ಮನೆಗೆ ಬಂದು ಇದನ್ನ ಬರೆದು ಅಂಟಿಸಿದೆ.”

ಆಗಲೇ ಫೋನು ಬಂದದ್ದು. ದೊಡ್ಡಮ್ಮ ಯಾರೆಂದು ನೋಡಿ, ಮೇಜಿನ ಮೇಲೆ ಇಟ್ಟು, ದನಿ ಹೊರಗೆ ಕೇಳುವ ಹಾಗೆ ಮಾಡಿದರು. ಮ್ಯಾನೇಜರ್. ಮೆತ್ತಗಿನ ದನಿ, ಊಟ ಆಯ್ತಾ ಎಂದು ಶುರುವಾಗುವಂಥದ್ದು.

“ಅಕ್ಕಾ, ಊಟ ಆಯ್ತಾ?”

“ಆಗ್ಬೇಕು.”

“ಬುಧವಾರದ್ದು ನೆನಪು ಮಾಡೋಣ ಅಂತ. ನೋಡಿ, ನೀವು ಒಂದೇ ಒಂದು ಸುಳ್ಳೂ ಹೇಳ್ಬೇಕಾಗಿಲ್ಲ. ಕಂಪನಿ ಯಾವತ್ತೂ ಅದನ್ನ ಕೇಳಲ್ಲ. ನಿಮಗೆ ಗೊತ್ತಿರೋದೆಲ್ಲ ಹೇಳಿ. ಎಲ್ಲಾ. ಮೊದಲಿನಿಂದ. ಪಾರ್ಸರ್ ಅಂದ್ರೇನು, ವ್ಯಾಕರಣ ಅಂದ್ರೇನು, ನಮಗೆ ಹೇಳಿಕೊಡ್ತಿದ್ರಲ್ಲ, ಹಾಗೆ. ಎಷ್ಟು ಚೆನ್ನಾಗಿ ಹೇಳ್ತಿದ್ರಿ.”

“ನಿನಗೆ ತಿಳೀತಿತ್ತಾ?”

ಆ ಕಡೆ ನಗು. “ಮೊದಲ ಆರು ತಿಂಗಳು ಒಂದಕ್ಷರ ತಿಳೀಲಿಲ್ಲ ಅಕ್ಕಾ. ಆದ್ರೆ ಎಂಥಾ ವಿದ್ವತ್ತು ಅಂತ ಕೈ ಮುಗಿಯೋ ಹಾಗಾಗ್ತಿತ್ತು. ಅವರಿಗೂ ಅಷ್ಟೇ ಸಾಕು.”

“ಆ ಅಂಕಿ ನಿನಗೆ ಗೊತ್ತಲ್ಲ. ಮೇಲಿನ ಸಾಲಿಂದು.”

ಫೋನಿನ ದನಿ ಆಗಲೂ ಮೆತ್ತಗೇ ಇತ್ತು. “ಅದೂ ಹೇಳಿ ಅಕ್ಕಾ. ಯಾರು ಬೇಡ ಅಂದ್ರು? ನಡುವೆ ಎಲ್ಲಾದ್ರೂ ಬರಲಿ. ಊಟ ಮಾಡಿ, ಹೊತ್ತಾಯ್ತು.”

ಫೋನು ನಿಂತಿತು. ಕೆಳಗೆ ರಸ್ತೆಯಲ್ಲಿ ಯಾರೋ ಅಂಗಡಿಯ ಶಟರು ಎಳೆದ ಸದ್ದು.

“ಜಾಣ,” ಎಂದರು ದೊಡ್ಡಮ್ಮ. “ನಾನೇ ಕಲಿಸಿದ್ದು.”

ತಾಯಿ ಎದ್ದು ತಟ್ಟೆ ತೊಳೆದು ತಂದಳು, ಡಬ್ಬಿಯಿಂದ ಬಡಿಸಿದಳು, ಚಮಚ ಕೈಗೆ ಕೊಟ್ಟಳು. ಹೀಗೆ ಕೂತರೆ ದುಃಖ ಅಳತೆಯಿಲ್ಲದೆ ಬೆಳೆಯುತ್ತದೆ, ಊಟಕ್ಕಾದರೆ ಒಂದು ಅಳತೆಯಿದೆ ಎಂಬುದು ಅವಳ ಅನುಭವ. “ತಿನ್ನಿ. ತಿಂದ್ಕೊಂಡು ಹೇಳಿ. ಬುಧವಾರ ಏನು ಮಾಡ್ತೀರಿ?”

“ಹೇಳ್ಬೇಕು. ಬಾಗಿಲು ಬಿಟ್ಕೊಂಡದ್ದು ನನ್ನಿಂದ ಅಂತ ಹೇಳ್ಬೇಕು. ನಾಲ್ಕು ಮಾತು. ಪುಟ್ಟಿಗೆ ಹೇಳಿದೆನಲ್ಲ, ಅಷ್ಟೇ.”

“ಹೇಳಿಬಿಡಿ ಹಾಗಾದ್ರೆ.”

“ಪುಟ್ಟಿ ಹಾಗೆ ಅಲ್ಲಿ ಯಾರೂ ಕೇಳಲ್ವಲ್ಲ.” ದೊಡ್ಡಮ್ಮ ಒಂದು ತುತ್ತು ತಿಂದರು; ಅಗಿಯುವುದನ್ನೇ ಮರೆತವರ ಹಾಗೆ ಕೂತು, ನುಂಗಿದರು. “ನನಗೆ ನಾನು ಗೊತ್ತು. ಎದ್ದು ನಿಲ್ತೀನಿ. ಐದು ಮುಖ ನೋಡ್ತೀನಿ. ತಿಳಿಯದವರ ಮುಖ ನೋಡಿದ್ರೆ ನನಗೆ ವಿವರಿಸದೆ ಇರೋಕೆ ಆಗಲ್ಲ, ಮೂವತ್ನಾಲ್ಕು ವರ್ಷದ ಚಟ. ಶುರು ಮಾಡಿದ್ರೆ ಮುಗೀತು. ಈಗ ನೋಡಿದ್ಯಲ್ಲ. ಸುಳ್ಳು ಹೇಳ್ದೆ, ಬೆವರದೆ, ಅಡ್ಡಗೋಡೆ ಮೇಲೆ ದೀಪ ಇಟ್ಟು ಬಂದ್ಬಿಡ್ತೀನಿ. ಅವರು ಕೈ ಮುಗೀತಾರೆ. ಆಕೆ ಆ ಬ್ಯಾಂಡೇಜು ಕೈ ಇಟ್ಕೊಂಡು ಸಾಯೋವರೆಗೂ ನಂದೇ ಆತುರ ಅಂತಾನೇ ಇರ್ತಾಳೆ. ಮಕ್ಕಳಿಗೂ ಅದನ್ನೇ ಹೇಳಿರ್ತಾಳೆ.”

“ಬರೆದುಕೊಂಡು ಹೋಗಿ ಓದಿ.”

“ಬರೆದೆ. ಹನ್ನೊಂದು ಪುಟ ಆಯ್ತು.”

ಇಬ್ಬರಿಗೂ ನಗು ಬಂತು, ಬರಬಾರದಿತ್ತು. ಮಗಳು ಕೂಡ ಏನೆಂದು ತಿಳಿಯದೆ ನಕ್ಕಳು. ನಗು ನಿಂತ ಮೇಲೆ ಕೋಣೆ ಮೊದಲಿಗಿಂತ ಭಾರವಾಯಿತು. ದೊಡ್ಡಮ್ಮ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳ ಕಡೆಗೆ ತಿರುಗಿ ಕೂತರು. ಐದು ವಾರದಲ್ಲಿ ಮಗುವನ್ನು ನೋಡಿಕೊಂಡದ್ದಕ್ಕೆ ಒಂದು ಲೋಟ ಚಹಾ ಕೂಡ ಕೇಳದವರು.

“ಬುಧವಾರ ನಿನಗೆ ಅಂಗಡಿ ಇದೆ, ಗೊತ್ತು. ಆದ್ರೂ ಒಂದು ಸಹಾಯ ಮಾಡು. ಹನ್ನೊಂದು ಗಂಟೆಗೆ. ಹಿಂದಿನ ಬೆಂಚಲ್ಲಿ ಯಾರು ಬೇಕಾದ್ರೂ ಕೂರಬಹುದಂತೆ, ಕೇಳಿದೀನಿ. ನೀನು ಬಂದು ಕೂತ್ಕೋ, ನನಗೆ ಕಾಣೋ ಹಾಗೆ. ಏನೂ ಮಾತಾಡ್ಬೇಡ. ನಾನು ಪಾರ್ಸರ್ ಅನ್ನೋ ಪದ ಎತ್ತಿದ ತಕ್ಷಣ ಕೆಮ್ಮು. ಜೋರಾಗಿ. ಎಲ್ಲರೂ ತಿರುಗಿ ನೋಡಿದ್ರೂ ಪರವಾಗಿಲ್ಲ, ನಾನು ಕಣ್ಣು ಕೆಕ್ಕರಿಸಿದ್ರೂ ಹೆದರ್ಬೇಡ. ನಾನು ವಿವರಿಸೋದನ್ನ ಬಿಟ್ಟು ಮಾಡಿದ್ದನ್ನ ಹೇಳೋವರೆಗೂ ಕೆಮ್ತಾನೇ ಇರು.”